ಪ್ರಾಣಿ ಆಸ್ಪತ್ರೆಯಲ್ಲಿ ದುಡಿಯುವವರ ಮನಸ್ಸು ದಣಿಯುವುದೇಕೆ, ಅದಕ್ಕೆ ಮಾಡಬೇಕಾದ್ದೇನು

ಮಂಗಳೂರು, ಉಡುಪಿಯ ಯಾವ ಪೆಟ್ ಕ್ಲಿನಿಕ್‌ಗೆ ಹೋದರೂ ನಾಯಿಯನ್ನು ಮೇಜಿನ ಮೇಲೆ ಎತ್ತಿ ಹಿಡಿಯುವವರು, ಡ್ರಿಪ್ ಮುಗಿಯುವ ತನಕ ಪಕ್ಕದಲ್ಲಿ ನಿಲ್ಲುವವರು, ವಾಂತಿ ಒರೆಸುವವರು, ಬಿಲ್ಲಿನ ಮೊತ್ತ ಹೇಳಿ ಬೈಸಿಕೊಳ್ಳುವವರು ಹೆಚ್ಚಾಗಿ ಡಾಕ್ಟರರ ಸಹಾಯಕರೇ. ಬ್ರಿಟನ್‌ನಲ್ಲಿ ಇದಕ್ಕೆ ವೆಟರ್ನರಿ ನರ್ಸ್ ಎಂಬ ನೋಂದಾಯಿತ ವೃತ್ತಿಯಿದೆ. ನಮ್ಮಲ್ಲಿ ಪಶುಸಂಗೋಪನಾ ಡಿಪ್ಲೊಮಾ ಮಾಡಿದವರು, ಸರಕಾರಿ ಪಶು ಆಸ್ಪತ್ರೆಯ ಪರೀಕ್ಷಕರು, ಕ್ಲಿನಿಕ್‌ನಲ್ಲೇ ನಿಂತು ಕೈಕೆಲಸ ಕಲಿತವರು, ಎಲ್ಲರೂ ಸೇರಿ ಈ ಕೆಲಸ ಮಾಡುತ್ತಾರೆ.

ಇವರ ಮಾನಸಿಕ ದಣಿವಿನ ಮಾತು ಬಂದಾಗ ‘ಪ್ರಾಣಿಗಳ ಮೇಲೆ ಪ್ರೀತಿ ಜಾಸ್ತಿ, ಮನಸ್ಸು ಮೆದು, ಸ್ವಲ್ಪ ಗಟ್ಟಿಯಾಗಬೇಕು’ ಎನ್ನುವುದು ವಾಡಿಕೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಪ್ರಾಣಿಯ ಹತ್ತಿರ ಅತಿ ಹೆಚ್ಚು ಹೊತ್ತು ಇರುವವರು ಇವರು. ಅದರ ವಿಷಯದಲ್ಲಿ ಅತಿ ಕಡಿಮೆ ತೀರ್ಮಾನ ಮಾಡುವವರೂ ಇವರೇ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯಂತೆ ಚಿಕಿತ್ಸೆಯ ಅಧಿಕಾರ ನೋಂದಾಯಿತ ಪಶುವೈದ್ಯರದು. ಡಿಪ್ಲೊಮಾ ಇದ್ದವರೂ ಅವರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆಗಳನ್ನಷ್ಟೇ ಕೊಡಬಹುದು. ಈ ನಿಯಮ ಬೇಕೇ ಬೇಕು. ಆದರೆ ನೋವು ಕಣ್ಣೆದುರೇ ಇದ್ದು, ಅದರ ಬಗ್ಗೆ ಏನನ್ನೂ ನಿರ್ಧರಿಸಲಾಗದ ಜಾಗದಲ್ಲಿ ದಿನವೂ ನಿಂತವರಿಗೆ ‘ಗಟ್ಟಿಯಾಗು’ ಎಂಬ ಉಪದೇಶದಿಂದ ಉಪಯೋಗವಿಲ್ಲ. ಮೊದಲು ಸರಿಯಾಗಬೇಕಾದದ್ದು ಕೆಲಸದ ವ್ಯವಸ್ಥೆ. ಮನಸ್ಸಿಗೆ ಮಾಡುವ ಆರೈಕೆ ಅದರ ಮೇಲೆ ನಿಲ್ಲಬೇಕು.

ಮೂರು ಬಗೆಯ ದಣಿವು

ಎಲ್ಲ ಬೇಸರಕ್ಕೂ ‘ಸ್ಟ್ರೆಸ್’ ಎಂದುಬಿಟ್ಟರೆ ಮದ್ದು ತಪ್ಪುತ್ತದೆ. ಒಂದು, ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆಯೆಂದು ಕರೆಯದೆ, ಕೆಲಸದ ಸ್ಥಳದಿಂದ ಹುಟ್ಟುವ ಸ್ಥಿತಿ ಎಂದು ವಿವರಿಸಿತು. ಇದಕ್ಕೆ ಮೂರು ಗುರುತುಗಳು: ಮೈಮನಸ್ಸಿನ ತ್ರಾಣವೇ ಹೋಗುವುದು, ಕೆಲಸದ ಮೇಲೆ ತಿರಸ್ಕಾರ ಬರುವುದು, ತನ್ನಿಂದ ಏನೂ ಆಗುವುದಿಲ್ಲ ಅನಿಸುವುದು. ಇದರ ಮೂಲ ಹೆಚ್ಚಾಗಿ ಕೆಲಸದ ಹೊತ್ತು, ಜನರ ಕೊರತೆ, ಸಂಬಳ. ಕ್ಲಿನಿಕ್‌ನವರು ರಜೆ ಕೊಟ್ಟು ಹಳೆಯ ಶಿಫ್ಟಿಗೇ ವಾಪಸು ಕರೆದರೆ ಅದೂ ವಾಪಸು ಬರುತ್ತದೆ.

ಎರಡನೆಯದು ಕರುಣೆಯ ದಣಿವು. ನರಳುವ ಜೀವಗಳನ್ನು ಸತತವಾಗಿ ನೋಡಿಕೊಂಡು ಮರುಕವೇ ಬತ್ತಿಹೋಗುವುದು. ಮೊದಲು ಮರಿಯೊಂದು ಸತ್ತರೆ ಊಟ ಸೇರದವರಿಗೆ ಈಗ ಏನೂ ಅನಿಸುವುದಿಲ್ಲ; ಏನೂ ಅನಿಸದಿರುವುದಕ್ಕೇ ತನ್ನ ಮೇಲೆ ಹೇಸಿಗೆ. ಕೆಲವರಿಗೆ ತಿರುಗುಮುರುಗು: ಮನೆಯಲ್ಲಿ ಕುಕ್ಕರ್ ಕೂಗಿದರೂ ಬೆಚ್ಚಿಬೀಳುವುದು, ವಾರ್ಡಿನ ವಾಸನೆ ಮೂಗಿನಲ್ಲೇ ಉಳಿದುಬಿಡುವುದು.

ಮೂರನೆಯದನ್ನು ಅಮೆರಿಕದ ತತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್ 1984ರಲ್ಲಿ, ಮನುಷ್ಯರ ಆಸ್ಪತ್ರೆಯ ನರ್ಸ್‌ಗಳ ಬಗ್ಗೆ ಬರೆಯುತ್ತ ಗುರುತಿಸಿದರು. ಸರಿಯಾದದ್ದು ಯಾವುದೆಂದು ಗೊತ್ತಿದೆ, ವ್ಯವಸ್ಥೆ ಅದನ್ನು ಮಾಡಲು ಬಿಡುವುದಿಲ್ಲ. ಆಗ ಹುಟ್ಟುವುದು ನೈತಿಕ ಸಂಕಟ. ಕರಾವಳಿಯ ಪ್ರಾಣಿ ಆಸ್ಪತ್ರೆಗಳಲ್ಲಿ ಅತಿ ಹೆಚ್ಚು ಇರುವುದೂ, ಅತಿ ಕಡಿಮೆ ಮಾತಿಗೆ ಬರುವುದೂ ಇದೇ ಎಂಬುದು ನಮ್ಮ ಅಭಿಪ್ರಾಯ. ಧ್ಯಾನ, ಪ್ರವಾಸಗಳಿಂದ ಇದು ಇಳಿಯುವುದಿಲ್ಲ. ತೀರ್ಮಾನ ಹೇಗಾಯಿತು ಎಂಬುದರಲ್ಲಿ ತನ್ನ ಮಾತಿಗೂ ಜಾಗ ಸಿಕ್ಕಾಗ ಇಳಿಯುತ್ತದೆ.

ದಯಾಮರಣದ ದಿನ

ವಾಸಿಯಾಗದ ಪ್ರಾಣಿಗೆ ದಯಾಮರಣ ಕೊಡುವುದೇ ಈ ವೃತ್ತಿಯ ದೊಡ್ಡ ಭಾರ ಎಂದು ಹೊರಗಿನವರು ತಿಳಿಯುತ್ತಾರೆ. ಸರಿಯಾದ ಕಾರಣಕ್ಕೆ, ಸರಿಯಾದ ಕ್ರಮದಲ್ಲಿ ಆದ ದಯಾಮರಣ ನಿಜವಾಗಿ ಅಷ್ಟು ಕಾಡುವುದಿಲ್ಲ. ಕಾಡುವುದು ಕ್ರಮ ತಪ್ಪಿದ್ದು.

ಹೇಗೆ ತಪ್ಪುತ್ತದೆ ನೋಡಿ. ಸಂಜೆ ಒಪಿಡಿ ತುಂಬಿರುವಾಗ ಮಧ್ಯದಲ್ಲೇ ದಯಾಮರಣದ ಕೇಸ್ ತೆಗೆದುಕೊಳ್ಳುತ್ತಾರೆ. ಬಿಪಿ ಇಳಿದ ಮುದಿ ನಾಯಿಯ ರಕ್ತನಾಳ ಸಿಗುವುದಿಲ್ಲ. ಮನೆಯವರ ಎದುರೇ ಎರಡು ಮೂರು ಸಲ ಚುಚ್ಚಬೇಕಾಗುತ್ತದೆ, ನಾಯಿ ಕಿರುಚುತ್ತದೆ, ಹಿಡಿದವರ ಕೈ ನಡುಗುತ್ತದೆ. ಮದ್ದು ಹೋದ ಮೇಲೂ ಒಂದೆರಡು ಸಲ ಬಾಯಿ ತೆರೆದು ಉಸಿರೆಳೆದಂತೆ ಆಗಬಹುದು, ಸ್ನಾಯು ಅದುರಬಹುದು, ಮೂತ್ರ ಹೋಗಬಹುದು, ಕಣ್ಣು ಮುಚ್ಚುವುದಿಲ್ಲ. ಆಗ ಪ್ರಾಣಿಗೆ ಪ್ರಜ್ಞೆ ಇರುವುದಿಲ್ಲ. ಅದು ಮೆದುಳು ಕಾಂಡದ, ನರಗಳ ಉಳಿಕೆ ಚಟುವಟಿಕೆ ಮಾತ್ರ. ಮನೆಯವರಿಗೆ ಇದನ್ನು ಮೊದಲೇ ಹೇಳದಿದ್ದರೆ ‘ಇನ್ನೂ ಜೀವ ಉಂಟಲ್ಲ, ಏನು ಮಾಡಿದ್ರಿ ನೀವು’ ಎಂಬ ಕೂಗು ಬೀಳುವುದು ನಾಯಿಯನ್ನು ಹಿಡಿದು ನಿಂತವರ ಮೇಲೆ. ರಾತ್ರಿ ನಿದ್ದೆಗೆಡಿಸುವುದು ಆ ಕೂಗು.

ಸರಿಪಡಿಸಲು ದುಡ್ಡು ಬೇಕಿಲ್ಲ. ತುರ್ತಿಲ್ಲದಿದ್ದರೆ ದಿನದ ಕೊನೆಯ ಅಪಾಯಿಂಟ್‌ಮೆಂಟ್ ಕೊಡಿ. ಒಪ್ಪಿಗೆ ಪತ್ರದ ಸಹಿ, ಹಣ, ದೇಹ ಮನೆಗೆ ಒಯ್ಯುತ್ತಾರೋ ಇಲ್ಲವೋ ಎಂಬ ಮಾತು, ಇವೆಲ್ಲ ಮೊದಲೇ ಮುಗಿಯಲಿ. ಕ್ಯಾನುಲಾವನ್ನು (ಮದ್ದು ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ನಳಿಗೆ) ಮನೆಯವರು ಒಳಗೆ ಬರುವ ಮುಂಚೆಯೇ ಹಾಕಿ, ಅದಕ್ಕೆ ಉದ್ದನೆಯ ಎಕ್ಸ್‌ಟೆನ್ಶನ್ ಟ್ಯೂಬ್ ಸೇರಿಸಿ. ಡಾಕ್ಟರು ಸ್ವಲ್ಪ ದೂರ ನಿಂತು ಮದ್ದು ಕೊಡಬಹುದು, ಮನೆಯವರು ತಲೆ ಸವರಬಹುದು. ಮೊದಲು ಮಂಪರು ಬರಿಸುವ ಮದ್ದು, ಅದು ಹಿಡಿದ ಮೇಲೆ ಕೊನೆಯದು. ಏನೇನು ಕಾಣಬಹುದು ಎಂಬುದನ್ನು ಡಾಕ್ಟರೇ ಹೇಳಲಿ, ಸಹಾಯಕರಿಗೆ ಬಿಡಬಾರದು. ಎದೆಬಡಿತ ನಿಂತದ್ದನ್ನು ಸ್ಟೆತಸ್ಕೋಪ್ ಇಟ್ಟು ಕೆಲವು ನಿಮಿಷ ಕೇಳಿ ಖಚಿತಪಡಿಸಿಕೊಂಡ ಮೇಲಷ್ಟೇ ‘ಹೋಯಿತು’ ಎನ್ನಲಿ. ಬೀದಿನಾಯಿಗಳಿಗೆ ಸಂಬಂಧಿಸಿದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಇನ್ನೊಂದು ನಾಯಿಯ ಎದುರು ದಯಾಮರಣ ಕೂಡದು ಎನ್ನುತ್ತವೆ. ಸಾಕಿದ ನಾಯಿಗೂ ಅದೇ ಪದ್ಧತಿ ಇಟ್ಟುಕೊಂಡರೆ ಒಳ್ಳೆಯದು, ಹಿಡಿದವರ ಮನಸ್ಸಿಗೂ.

ಒಬ್ಬರೇ ಎರಡು ದಯಾಮರಣಗಳಿಗೆ ಬೆನ್ನುಬೆನ್ನಿಗೆ ನಿಲ್ಲಬಾರದು. ಮುಗಿದ ಮೇಲೆ ಹತ್ತು ನಿಮಿಷ ಬಿಡುವು ಬೇಕು: ಕೈ ತೊಳೆಯುವುದು, ಏಪ್ರನ್ ಬದಲಿಸುವುದು, ನೀರು ಕುಡಿಯುವುದು, ಒಮ್ಮೆ ಹೊರಗೆ ಹೋಗಿ ಬರುವುದು. ಸತ್ತ ನಾಯಿಯ ಪಕ್ಕದಿಂದ ನೇರ ಲಸಿಕೆಗೆ ಬಂದ ಮರಿಯ ಹತ್ತಿರ ಹೋಗಿ ನಗುವುದಿದೆಯಲ್ಲ, ಮುಖದ ಆ ಬದಲಾವಣೆಯೇ ದೊಡ್ಡ ಶ್ರಮ. ದಿನಕ್ಕೆ ಮೂರು ನಾಲ್ಕು ಸಲ ಅದನ್ನು ಮಾಡಿಸಿದರೆ ಯಾರೇ ಆದರೂ ಬರಡಾಗುತ್ತಾರೆ.

ಸಾಯಲೂ ಬಿಡದ ನೋವು

ವಿದೇಶಿ ಬರಹಗಳಲ್ಲಿ ಹೆಚ್ಚು ಚರ್ಚೆ ದಯಾಮರಣದ ಸಂಖ್ಯೆಯದ್ದು. ನಮ್ಮಲ್ಲಿ ಸಮಸ್ಯೆ ಬಹಳ ಸಲ ಅದರ ಎದುರು ಬದಿಯದು. ಬೆನ್ನುಮೂಳೆ ಮುರಿದ ನಾಯಿ, ಡಿಸ್ಟೆಂಪರ್ ಎಂಬ ವೈರಸ್ ರೋಗದಿಂದ ಫಿಟ್ಸ್ ನಿಲ್ಲದ ಮರಿ, ಎದ್ದು ನಿಲ್ಲಲಾಗದೆ ವಾರಗಟ್ಟಲೆ ಮಲಗಿ ಹುಣ್ಣಾದ ದನ. ‘ಕೊಲ್ಲುವ ಪಾಪ ನಮಗೆ ಬೇಡ’ ಎಂದು ಮನೆಯವರು ಒಪ್ಪುವುದಿಲ್ಲ, ನೋಡಲೂ ಬರುವುದಿಲ್ಲ. ಕರಾವಳಿಯಲ್ಲಿ ಇನ್ನೊಂದು ತೊಡಕು: ನಾಯಿ ತಂದದ್ದು ದುಬೈಯಲ್ಲೋ ದೋಹಾದಲ್ಲೋ ಇರುವ ಮಗ, ಸಾಕುತ್ತಿರುವುದು ಮನೆಯಲ್ಲಿರುವ ವಯಸ್ಸಾದ ತಂದೆ ತಾಯಿ. ತೀರ್ಮಾನ ವಾಟ್ಸ್‌ಆ್ಯಪ್ ವಿಡಿಯೊ ಕಾಲ್‌ನಲ್ಲಿ ಆಗಬೇಕು. ಮಗನಿಗೆ ಡ್ಯೂಟಿ ಮುಗಿಯುವುದು ರಾತ್ರಿ. ಅಲ್ಲಿಯ ತನಕ ನಾಯಿ ನರಳುತ್ತಿರುತ್ತದೆ, ಫೋನ್ ಹಿಡಿದು ಅದರ ಮುಖ ತೋರಿಸುವ ಕೆಲಸ ಸಹಾಯಕರದ್ದು. ಪರದೆಯಲ್ಲಿ ಅಳುವ ಮಗ, ಮೇಜಿನ ಮೇಲೆ ನಾಯಿ, ಕುರ್ಚಿಯಲ್ಲಿ ಏನೂ ಹೇಳಲಾಗದ ಅಮ್ಮ, ಮೂವರ ನಡುವೆ ಅವರು.

ಇಂಥ ಕೇಸಿಗೆ ಡಾಕ್ಟರು ದಾಖಲಾದ ದಿನವೇ ಮೂರು ವಿಷಯ ಬರೆದಿಡಬೇಕು: ಈ ಪ್ರಾಣಿಯ ಪರವಾಗಿ ತೀರ್ಮಾನ ಹೇಳುವವರು ಯಾರು, ಎಷ್ಟು ಖರ್ಚಿನವರೆಗೆ ಚಿಕಿತ್ಸೆ, ಯಾವ ಸ್ಥಿತಿ ಬಂದರೆ ಮತ್ತೆ ಮಾತಾಡಬೇಕು. ಎರಡು ದಿನ ಏಳದಿದ್ದರೆ, ಮೂರು ಹೊತ್ತು ತಿನ್ನದಿದ್ದರೆ, ಹೀಗೆ ನಿರ್ದಿಷ್ಟವಾಗಿ. ತೀರ್ಮಾನ ಬರುವ ತನಕ ನೋವಿನ ಮದ್ದು ಯಾವುದು, ಎಷ್ಟು ಗಂಟೆಗೊಮ್ಮೆ ಎಂಬುದನ್ನೂ ಬರೆದುಕೊಡಬೇಕು. ದಯಾಮರಣ ಬೇಡವೆನ್ನುವ ಹಕ್ಕು ಮನೆಯವರಿಗಿದೆ ಎಂದೇ ಇಟ್ಟುಕೊಂಡರೂ ನೋವು ತಗ್ಗಿಸಬೇಡಿ ಎಂದು ಯಾರೂ ಹೇಳುವುದಿಲ್ಲ. ‘ನಾನು ಸುಮ್ಮನೆ ನೋಡುತ್ತ ನಿಂತೆ’ ಎಂಬುದು ‘ನನ್ನ ಕೈಲಾದದ್ದು ಮಾಡಿದೆ’ ಎಂದಾಗುವುದು ಆ ಒಂದು ಚೀಟಿಯಿಂದ.

ಸಹಾಯಕರಿಗೆ ಪ್ರಶ್ನೆ ಕೇಳುವ ಜಾಗವೂ ಬೇಕು. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಸಾಕು: ಈ ವಾರ ಯಾವ ಕೇಸ್ ಕಾಡಿತು, ಡಾಕ್ಟರು ಹಾಗೇಕೆ ತೀರ್ಮಾನಿಸಿದರು, ಮುಂದಿನ ಸಲ ಏನು ಬದಲಿಸಬಹುದು. ತಪ್ಪು ಹುಡುಕುವ ಸಭೆ ಆಗಿಬಿಟ್ಟರೆ ಎರಡನೇ ವಾರದಿಂದ ಯಾರೂ ಬಾಯಿ ಬಿಡುವುದಿಲ್ಲ. 1962ಕ್ಕೆ ಕರೆ ಮಾಡಿದರೆ ಹಳ್ಳಿಗೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನಗಳಲ್ಲಿ ಡಾಕ್ಟರು, ಸಹಾಯಕರು, ಚಾಲಕರು ಒಟ್ಟಿಗೇ ಹೋಗುತ್ತಾರೆ. ಕರು ಸತ್ತ ಮನೆಯಿಂದ ಹಿಂದಿರುಗುವ ದಾರಿಯಲ್ಲಿ ಅದೇ ಮಾತು ಬಂದರೆ ತಡೆಯಬೇಡಿ, ರೇಡಿಯೊ ಹಾಕಿ ಮುಚ್ಚಬೇಡಿ. ಸಭೆಯಲ್ಲಿ ಬರದ ಮಾತು ಅಲ್ಲಿ ಬರುತ್ತದೆ.

ಕಚ್ಚಿಸಿಕೊಂಡವರ ರಾತ್ರಿಗಳು

ಹುಚ್ಚುನಾಯಿ ರೋಗದ ಭಯವನ್ನು ಮಾನಸಿಕ ಆರೋಗ್ಯದ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ, ಸೇರಿಸಬೇಕು. ಜೊಲ್ಲು ಸುರಿಸುತ್ತ ಬಂದ ನಾಯಿಯ ಬಾಯಿಗೆ ಕೈ ಹಾಕಿದವರು, ಅದು ಎರಡು ದಿನದಲ್ಲಿ ಸತ್ತಿತೆಂದು ಕೇಳಿದವರು, ತಿಂಗಳುಗಟ್ಟಲೆ ಗಂಟಲು ಕೆರೆದರೂ ಹೆದರುತ್ತಾರೆ. ಈ ಭಯಕ್ಕೆ ಸಮಾಧಾನದ ಮಾತಿಗಿಂತ ಲಸಿಕೆ ಮದ್ದು. ಪ್ರಾಣಿ ಹಿಡಿಯುವ ಪ್ರತಿಯೊಬ್ಬರೂ, ಗುಡಿಸುವವರು ಕೂಡ, ಕೆಲಸಕ್ಕೆ ಸೇರಿದ ಕೂಡಲೇ ಮುಂಜಾಗ್ರತಾ ಲಸಿಕೆ ತೆಗೆದುಕೊಳ್ಳಬೇಕು: 0, 7, ಹಾಗೂ 21 ಅಥವಾ 28ನೇ ದಿನ, ಒಟ್ಟು ಮೂರು. ಖರ್ಚು ಕ್ಲಿನಿಕ್‌ನದ್ದು. ಇದು ಆಗಿದ್ದವರಿಗೆ ಮುಂದೆ ಕಚ್ಚಿದರೆ 0 ಮತ್ತು 3ನೇ ದಿನ ಎರಡೇ ಡೋಸ್, ಇಮ್ಯುನೊಗ್ಲೋಬುಲಿನ್ (ರೋಗ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಾಗುವುದಿಲ್ಲ. ರಕ್ತದಲ್ಲಿ ಪ್ರತಿಕಾಯದ ಮಟ್ಟ ಪರೀಕ್ಷಿಸಿದರೆ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಘಟಕ) ಅಥವಾ ಹೆಚ್ಚು ಇರಬೇಕು. ಕಚ್ಚಿದ ತಕ್ಷಣ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು ಎಲ್ಲಕ್ಕೂ ಮೊದಲು. ಲಸಿಕೆಯ ಕಾರ್ಡನ್ನು ಫೋಟೊ ತೆಗೆದು ಇಟ್ಟುಕೊಳ್ಳಿ. ‘ತಗೊಂಡಿದ್ದೆನಾ ಇಲ್ಲವಾ’ ಎಂಬ ಅನುಮಾನಕ್ಕೆ ರಾತ್ರಿ ಎರಡು ಗಂಟೆಗೆ ಉತ್ತರ ಕೊಡುವುದು ಆ ಫೋಟೊ.

ಮಳೆಗಾಲದಲ್ಲಿ ಪಾರ್ವೊ (ಮರಿಗಳಿಗೆ ವಾಂತಿ, ಭೇದಿ ತರುವ ಅಂಟುರೋಗ) ವಾರ್ಡ್ ತುಂಬಿದಾಗ ‘ನಮ್ಮನೆ ಮರಿಗೂ ಒಯ್ದೆನಾ’ ಎಂಬ ಆತಂಕವೂ ಇದೇ ಜಾತಿಯದು. ವಾರ್ಡ್ ಶುಚಿ ಮಾಡಲು 1 ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು, ಮೊದಲು ಕೊಳೆ ತೊಳೆದು ಆಮೇಲೆ 10 ನಿಮಿಷ ಒದ್ದೆಯಾಗಿರಬೇಕು. ಬೇರೆ ಚಪ್ಪಲಿ, ಬೇರೆ ಬಟ್ಟೆ. ಡೆಟಾಲ್ ಹಾಕಿ ಒರೆಸಿದರೆ ಪಾರ್ವೊ ವೈರಸ್ ಹೋಗುತ್ತದೆಂದು ನಂಬಬೇಡಿ. ಈ ವಾರ್ಡಿಗೆ ಒಬ್ಬರನ್ನೇ ಇಡೀ ಆಟಿ ತಿಂಗಳು ಹಾಕುವುದು ಅನ್ಯಾಯ. ರೋಗ ಹರಡಬಾರದೆಂದು ದಿನಕ್ಕೊಬ್ಬರೇ ಇರಬೇಕು, ನಿಜ. ಆದರೆ ವಾರಕ್ಕೊಮ್ಮೆ ಬದಲಾಗಲಿ. ಬದುಕಿ ಮನೆಗೆ ಹೋದ ಮರಿಗಳ ಹೆಸರನ್ನೂ ಗೋಡೆಯ ಬೋರ್ಡಿನಲ್ಲಿ ಬರೆಯಿರಿ. ಸತ್ತವು ಹೇಗೂ ನೆನಪಿರುತ್ತವೆ, ಬದುಕಿದವು ಡಿಸ್ಚಾರ್ಜ್ ಆಗಿ ಮರೆತುಹೋಗುತ್ತವೆ.

ಫೋನು, ಬಿಲ್ಲು, ನಿದ್ದೆ

ಸಹಾಯಕರು ಸ್ವಂತ ನಂಬರನ್ನು ಪ್ರಾಣಿಯ ಮನೆಯವರಿಗೆ ಕೊಡುವುದು ಇಲ್ಲಿನ ಸಾಮಾನ್ಯ ರೂಢಿ. ರಾತ್ರಿ ಹನ್ನೊಂದಕ್ಕೆ ಭೇದಿಯ ಫೋಟೊ, ‘ಇದು ನಾರ್ಮಲಾ?’ ಎಂಬ ಮೆಸೇಜ್. ಉತ್ತರಿಸಿದರೆ ಮಿತಿ ಮೀರಿದ ಸಲಹೆ, ಉತ್ತರಿಸದಿದ್ದರೆ ತಪ್ಪಿತಸ್ಥ ಭಾವ. ಕ್ಲಿನಿಕ್‌ಗೆ ಒಂದೇ ನಂಬರ್, ಅದನ್ನು ಹಿಡಿಯುವವರ ಸರದಿ, ಮುಚ್ಚಿದ ಮೇಲೆ ತುರ್ತಿಗೆ ಎಲ್ಲಿಗೆ ಹೋಗಬೇಕೆಂಬ ಸ್ವಯಂಚಾಲಿತ ಸಂದೇಶ, ಇಷ್ಟು ಮಾಡಿದರೆ ಅರ್ಧ ಭಾರ ಇಳಿಯುತ್ತದೆ.

‘ಬದುಕ್ತದಾ ಮಾರಾಯ್ರೆ, ನೀವಾದ್ರೂ ಹೇಳಿ’ ಎಂದು ಕೇಳುವವರಿಗೆ ಸಿದ್ಧ ಮಾತು ಇರಲಿ: ‘ಈಗ ಇಷ್ಟು ಜ್ವರ ಉಂಟು, ಬೆಳಿಗ್ಗೆಯಿಂದ ವಾಂತಿ ಆಗ್ಲಿಲ್ಲ. ಮುಂದೇನು ಅಂತ ಡಾಕ್ಟ್ರೇ ಹೇಳ್ಬೇಕು, ನಾನು ಕರೀತೇನೆ.’ ಕಂಡದ್ದನ್ನು ಹೇಳುವುದು, ಭವಿಷ್ಯ ಹೇಳದಿರುವುದು. ಹಣದ ಜಗಳಕ್ಕೂ ಹಾಗೆಯೇ, ಅಂದಾಜು ಮೊತ್ತವನ್ನು ಡಾಕ್ಟರು ಮೊದಲೇ ಬರೆದುಕೊಡಬೇಕು. ಕೈ ಮಾಡಲು ಬಂದರೆ ಒಬ್ಬರೇ ನಿಲ್ಲಬೇಡಿ, 112ಕ್ಕೆ ಕರೆ ಮಾಡಿ. ಲೈಂಗಿಕ ಕಿರುಕುಳವಾದರೆ, ಹತ್ತಕ್ಕಿಂತ ಕಡಿಮೆ ಜನರಿರುವ ಕ್ಲಿನಿಕ್‌ನಲ್ಲಿರುವವರು 2013ರ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ರಾತ್ರಿ ಪಾಳಿಯನ್ನು ವಾರದಲ್ಲಿ ಬಿಡಿಬಿಡಿಯಾಗಿ ಹಂಚುವುದಕ್ಕಿಂತ ಎರಡು ಮೂರು ರಾತ್ರಿ ಒಟ್ಟಿಗೆ ಕೊಟ್ಟು ಆಮೇಲೆ ಪೂರ್ತಿ ರಜೆ ಕೊಡಿ. ನಿದ್ದೆಗೆ ಆರು ಗಂಟೆ ಮೊದಲೇ ಚಹಾ ಕಾಫಿ ನಿಲ್ಲಲಿ. ಪಾಳಿ ಮುಗಿಸಿ ಮಳೆಯಲ್ಲಿ ಬೈಕ್ ಹತ್ತಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪಡುಬಿದ್ರಿಗೋ ಕುಂದಾಪುರಕ್ಕೋ ಹೊರಡುವ ಮುಂಚೆ ಕ್ಲಿನಿಕ್‌ನಲ್ಲೇ 20 ನಿಮಿಷ ಮಲಗಿ, ಇಲ್ಲವಾದರೆ ಬಸ್ಸಿನಲ್ಲಿ ಹೋಗಿ. ನಿದ್ದೆಗೆಂದು ಕುಡಿದರೆ ಮೊದಲು ಮಂಪರು ಬರುತ್ತದೆ, ನಡುರಾತ್ರಿ ಎಚ್ಚರವಾಗುತ್ತದೆ. ಕ್ಲಿನಿಕ್ ಕಪಾಟಿನ ಮದ್ದನ್ನು ತಾನೇ ತೆಗೆದುಕೊಳ್ಳುವುದಂತೂ ಯಾವ ಕಾರಣಕ್ಕೂ ಬೇಡ.

ಬೇಸರವೋ, ಕಾಯಿಲೆಯೋ

ಖಿನ್ನತೆ ಅಳೆಯಲು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಇದೆ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ: ಆಸಕ್ತಿ, ಬೇಸರ, ನಿದ್ದೆ, ಸುಸ್ತು, ಹಸಿವು, ತನ್ನ ಬಗ್ಗೆ ಕೀಳು ಭಾವನೆ, ಗಮನ, ಚಲನೆಯ ನಿಧಾನ ಅಥವಾ ಚಡಪಡಿಕೆ, ಸಾಯುವ ಯೋಚನೆ. ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು ಹೆಚ್ಚೆಂದರೆ 27. 5ರಿಂದ 9 ಸೌಮ್ಯ, 10 ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು, 20 ಅಥವಾ ಹೆಚ್ಚು ಬಂದರೆ ತೀವ್ರ. ಒಂಬತ್ತನೇ ಪ್ರಶ್ನೆಗೆ 1 ಬಂದರೂ ಒಟ್ಟು ಅಂಕ ಎಷ್ಟೇ ಇರಲಿ, ಕಾಯಬಾರದು. ಇದು ಸೋಸುವ ಸಾಧನ, ರೋಗ ನಿರ್ಣಯ ಮಾಡುವುದು ವೈದ್ಯರು. ಥೈರಾಯ್ಡ್, ರಕ್ತಹೀನತೆಯಿಂದಲೂ ಇದೇ ಲಕ್ಷಣ ಬರಬಹುದಾದ್ದರಿಂದ ರಕ್ತ ಪರೀಕ್ಷೆಗೆ ಬರೆದುಕೊಡುವುದುಂಟು.

ಹೋಗಲು ಜಾಗಗಳಿವೆ. ಮಂಗಳೂರಿನಲ್ಲಿ ಸರಕಾರಿ ವೆನ್ಲಾಕ್, ಕಂಕನಾಡಿಯ ಫಾದರ್ ಮುಲ್ಲರ್. ಉಡುಪಿಯಲ್ಲಿ ಅಜ್ಜರಕಾಡು ಜಿಲ್ಲಾ ಆಸ್ಪತ್ರೆ, ದೊಡ್ಡಣಗುಡ್ಡೆಯ ಎ.ವಿ. ಬಾಳಿಗಾ ಆಸ್ಪತ್ರೆ, ಮಣಿಪಾಲದಲ್ಲಿ ಕೆಎಂಸಿ. ಊರಲ್ಲಿ ಗುರುತು ಹಿಡಿಯುತ್ತಾರೆಂಬ ಸಂಕೋಚವಿದ್ದರೆ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸರಕಾರಿ ಸೇವೆ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಚಿಕಿತ್ಸೆಯ ವಿವರ ಗೋಪ್ಯ.

‘ಆ ಮಾತ್ರೆ ಶುರು ಮಾಡಿದರೆ ಜೀವಮಾನ ಬಿಡಲಾಗುವುದಿಲ್ಲ’ ಎಂಬ ಹೆದರಿಕೆ ಎಲ್ಲ ಕಡೆ ಇದೆ. ಚಟವಾಗಬಹುದಾದದ್ದು ಕೆಲವು ನಿದ್ದೆ ಮಾತ್ರೆಗಳು. ಖಿನ್ನತೆಯ ಮಾತ್ರೆಗಳಿಗೆ ಚಟವಿಲ್ಲ. ಅವು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುತ್ತದೆಂದು ಬಿಟ್ಟವರು, ಮೂರನೇ ವಾರ ಹಗುರವಾಯಿತೆಂದು ಬಿಟ್ಟವರು, ಇಬ್ಬರಿಗೂ ಮತ್ತೆ ಕಾಡುತ್ತದೆ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ನಿಲ್ಲಿಸಬೇಕು.

ಕಪಾಟಿನ ಕೀಲಿ

ಪ್ರಾಣಿ ಆಸ್ಪತ್ರೆಯಲ್ಲಿ ಅಪಾಯಕಾರಿ ಮದ್ದುಗಳು ಕೈಗೆಟಕುವಂತಿರುತ್ತವೆ, ಅವುಗಳನ್ನು ಬಳಸುವ ಬಗೆಯೂ ಅಲ್ಲಿದ್ದವರಿಗೆ ಗೊತ್ತಿರುತ್ತದೆ. ಆತ್ಮಹತ್ಯೆಯ ತೀವ್ರ ಯೋಚನೆ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿಗೆ ಸಾಧನ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಅರಿವಳಿಕೆ, ದಯಾಮರಣದ ಮದ್ದುಗಳಿಗೆ ಪ್ರತ್ಯೇಕ ಬೀಗ, ಇಬ್ಬರಿದ್ದರಷ್ಟೇ ತೆರೆಯುವ ಪದ್ಧತಿ, ಬಳಸಿದ್ದಕ್ಕೂ ಉಳಿದದ್ದಕ್ಕೂ ಇಬ್ಬರ ಸಹಿ, ರಾತ್ರಿ ಒಬ್ಬರೇ ಇರುವಾಗ ಕೀಲಿ ಅಲ್ಲಿರಬಾರದು. ಈ ನಿಯಮ ಮಾಲೀಕರಾದ ಡಾಕ್ಟರಿಗೂ ಅನ್ವಯಿಸಬೇಕು.

ಜತೆಯವರ ಬಗ್ಗೆ ಅನುಮಾನ ಬಂದರೆ ಸುತ್ತಿಬಳಸದೆ ಕೇಳಿ: ‘ಸಾಯಬೇಕು ಅಂತ ಅನಿಸ್ತಾ ಉಂಟಾ?’ ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಬುದ್ಧಿವಾದ ಬೇಡ, ಒಬ್ಬರನ್ನೇ ಬಿಡಬೇಡಿ, ಕೀಲಿ ತೆಗೆದುಕೊಳ್ಳಿ, 14416ಕ್ಕೆ ಜೊತೆಯಲ್ಲೇ ಕರೆ ಮಾಡಿ ಅಥವಾ ಕ್ಯಾಶುವಾಲ್ಟಿಗೆ ಕರೆದೊಯ್ಯಿರಿ. ಪ್ರಯತ್ನ ಮಾಡಿಕೊಂಡಿದ್ದರೆ 108. ಪೊಲೀಸ್ ಕೇಸಿನ ಹೆದರಿಕೆಯಿಂದ ತಡಮಾಡಬಾರದು: ಅದೇ 2017ರ ಕಾಯ್ದೆಯ 115ನೇ ಕಲಂ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ವಿಚಾರಣೆ ಮತ್ತು ಶಿಕ್ಷೆಯಿಂದ ರಕ್ಷಣೆ ಕೊಡುತ್ತದೆ.

ಚಿಕಿತ್ಸೆ ಪಡೆದು ಕೆಲಸಕ್ಕೆ ಮರಳುವವರನ್ನು ಮೊದಲ ದಿನವೇ ಹಳೆಯ ಜಾಗದಲ್ಲಿ ನಿಲ್ಲಿಸಬಾರದು. ಮೊದಲೆರಡು ವಾರ ಅರ್ಧ ದಿನ, ಲಸಿಕೆ ಮತ್ತು ಡ್ರೆಸ್ಸಿಂಗ್ ಕೆಲಸ. ಆಮೇಲೆ ಪೂರ್ತಿ ದಿನ. ದಯಾಮರಣ, ಪಾರ್ವೊ ವಾರ್ಡ್, ರಾತ್ರಿ ಪಾಳಿ ಕೊನೆಗೆ, ಒಂದೊಂದಾಗಿ, ಅವರನ್ನು ಕೇಳಿಕೊಂಡು. ಮಾತ್ರೆಯಿಂದ ಬೆಳಿಗ್ಗೆ ಮಂಪರಿದ್ದರೆ ಎಕ್ಸ್‌ರೇಗೂ ದೊಡ್ಡ ನಾಯಿ ಹಿಡಿಯುವುದಕ್ಕೂ ಹಾಕಬೇಡಿ. ಏನಾಗಿತ್ತೆಂದು ಉಳಿದವರಿಗೆ ಎಷ್ಟು ಹೇಳಬೇಕು ಎಂಬುದನ್ನು ಅವರೇ ನಿರ್ಧರಿಸಲಿ, ಬರುವ ಮುಂಚಿನ ದಿನ ಫೋನ್ ಮಾಡಿ ಅದನ್ನು ಕೇಳಿಟ್ಟುಕೊಳ್ಳಿ.